ಟೈ, ಸೈಕಲ್ಲು ಮತ್ತು ಬಾರ್ಲಿ ನೀರು

ಅಮ್ಮ ಬಡಿಸಿದ್ದನ್ನು ಉಂಡು ಬೆಳೆದ 18ರ ಅಮೆರಿಕನ್ ಹುಡುಗ ಜಪಾನಿನ ಬೀದಿಯಲ್ಲಿ ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ ಧರಿಸಿ ಸೈಕಲ್ ತುಳಿಯುತ್ತಾನೆ. ಮಾರ್ಮನ್ ಎಂಬ ಕ್ರೈಸ್ತ ಪಂಥದ ಹುಡುಗರಿಗೆ ಈ ಧರ್ಮಪ್ರಚಾರದ ಸೇವೆ 2 ವರ್ಷ, ಹುಡುಗಿಯರಿಗೆ 18 ತಿಂಗಳು. ಸಂಬಳವಿಲ್ಲ.

ಪ್ರಚಾರಕ್ಕೆಂದು ಮನೆಮನೆ ತಟ್ಟುವವರಿಗೆ ಮುಚ್ಚಿದ ಬಾಗಿಲುಗಳು ಅಭ್ಯಾಸವಾಗಿಬಿಡುತ್ತವೆ; ಫಜೀತಿ ಶುರುವಾಗುವುದು ಬಾಗಿಲು ತೆರೆದಾಗ. ಕಾಫಿ, ಚಹಾ ಎರಡೂ ಈ ಪಂಥದವರಿಗೆ ನಿಷಿದ್ಧ. ಹಸಿರು ಚಹಾವೂ ಸಲ್ಲದೆಂದು 2019ರಲ್ಲಿ ಪಂಥವೇ ಸ್ಪಷ್ಟಪಡಿಸಿತು. ಆದರೆ ಹುರಿದ ಬಾರ್ಲಿಯ ‘ಮುಗಿಚಾ’ದಲ್ಲಿ ಚಹಾ ಎಲೆಯೇ ಇಲ್ಲ, ಬಣ್ಣ ಮಾತ್ರ ಚಹಾದಂತೆಯೇ ಕಂದು! ಮನೆಯ ಅಜ್ಜಿ ಪ್ರೀತಿಯಿಂದ ಲೋಟ ಮುಂದಿಟ್ಟರೆ ಹುಡುಗ ಮೆಲ್ಲಗೆ ಮೂಸುತ್ತಾನೆ, ಜೊತೆಗಾರನ ಮುಖ ನೋಡುತ್ತಾನೆ. ಅವನೂ ಮೂಸುತ್ತಿರುತ್ತಾನೆ.

ಆ ಜೊತೆಗಾರ ಪಂಥದ ಮೇಲಿನವರು ಗೊತ್ತುಮಾಡಿದವನು. ಗೊರಕೆ ಹೊಡೆಯಲಿ, ಪಾತ್ರೆ ತೊಳೆಯದಿರಲಿ, ಅವನನ್ನು ಬಿಟ್ಟು ಓಡಾಡುವಂತಿಲ್ಲ. ಮದುವೆಗೆ ಇದಕ್ಕಿಂತ ಒಳ್ಳೆಯ ತಾಲೀಮು ಬೇಕೆ?

ಮತಪ್ರಚಾರದ ಬಗ್ಗೆ ತಕರಾರಿದ್ದವರೂ ಈ ಮಕ್ಕಳ ಪಾಡಿಗೆ ಮರುಗಬಹುದು. ಕ್ರಿಸ್‌ಮಸ್ಸಿಗೊಮ್ಮೆ, ಅಮ್ಮಂದಿರ ದಿನಕ್ಕೊಮ್ಮೆ ಮಾತ್ರ ಮನೆಗೆ ಫೋನು ಎಂಬ ಹಳೆಯ ಕಟ್ಟಳೆ ನಿಜಕ್ಕೂ ಕಟುವಾಗಿತ್ತು. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು. ತಡವಾಗಿ ಬಂದ ಬುದ್ಧಿ, ಆದರೂ ಒಳ್ಳೆಯದೇ. ಆ ಕರೆಯ ಅರ್ಧ ಹೊತ್ತು ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಕೇಳುವುದರಲ್ಲೇ ಕಳೆದರೂ ಅಮ್ಮಂದಿರಂತೂ ಬೇಸರಿಸರು.