ಕಷಾಯಕ್ಕೆ ಚಹಾ ಎಂಬ ಹೆಸರೇಕೆ?

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಒಂದು ಮಳೆಗಾಲದ ಸಂಜೆ, ಡೊಂಬಿವಲಿ ಪೂರ್ವದ ನಮ್ಮ ಮನೆಗೆ ಇಬ್ಬರು ಸಹಪಾಠಿಗಳು ಬಂದಿದ್ದರು. ಇಬ್ಬರೂ ಮರಾಠಿ ಮನೆಯ ಹುಡುಗರು. ಸ್ಟೇಷನ್ನಿನಿಂದ ನಮ್ಮ ಮನೆಗೆ ನಡೆದು ಬರುವಷ್ಟರಲ್ಲಿ ಪೂರ್ತಿ ತೊಯ್ದು ಹೋಗಿದ್ದರು. ಅಮ್ಮ ಎಂದಿನಂತೆ ಕೊತ್ತಂಬರಿ-ಜೀರಿಗೆಯ ಕಷಾಯ ಕುದಿಸಿ, ಹಾಲು ಬೆಲ್ಲ ಹಾಕಿ, ಸ್ಟೀಲಿನ ಲೋಟಗಳಲ್ಲಿ ತಂದಿಟ್ಟಳು. "ಇದೇನು?" ಎಂದು ಒಬ್ಬ ಕೇಳಿದ. ನನಗೆ ಯಾಕೋ ನಾಚಿಕೆಯಾಯಿತು. ಕಷಾಯ ಎಂದರೆ ಅವರ ಪಾಲಿಗೆ ಕಾಢಾ. ಕಾಢಾ ಎಂದರೆ ನೆಗಡಿ ಬಂದವರು ಮೂಗು ಹಿಡಿದು ನುಂಗುವ ವಸ್ತು. "ಹರ್ಬಲ್ ಟೀ" ಎಂದುಬಿಟ್ಟೆ. ಇಬ್ಬರೂ ಖುಷಿಯಿಂದ ಕುಡಿದರು. ಒಬ್ಬನಂತೂ ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡ.

ಅಮ್ಮ ಆಗ ಏನೂ ಹೇಳಲಿಲ್ಲ. ಆದರೆ ತಿಂಗಳೆರಡು ಕಳೆದ ಮೇಲೆ ಪಕ್ಕದ ಬಿಲ್ಡಿಂಗಿನ ಕನ್ನಡದವರೇ ಒಬ್ಬರು ಮನೆಗೆ ಬಂದಾಗ, ಒಳಗಿನಿಂದ ಅಮ್ಮನ ದನಿ ಕೇಳಿಸಿತು: "ಸ್ವಲ್ಪ ಹರ್ಬಲ್ ಟೀ ಕುಡೀತೀರಾ?"

ಕುಂದಾಪುರದ ಕಡೆಯಿಂದ ಅಮ್ಮ ತಂದ ಕಷಾಯದ ಪುಡಿಯ ಭರಣಿ ಅದೇ ಕಪಾಟಿನಲ್ಲಿತ್ತು. ಪುಡಿ ಅದೇ, ಪರಿಮಳ ಅದೇ. ಹೆಸರು ಮಾತ್ರ ನನ್ನ ನಾಚಿಕೆಯ ದೆಸೆಯಿಂದ ಬದಲಾಗಿತ್ತು. ಆ ಹೊತ್ತು ನನಗಾದ ಇರಿಸುಮುರಿಸೇ ಈ ಬರಹಕ್ಕೆ ಕಾರಣ.

ಕೆಲವರು ನಗಬಹುದು. "ಕುಡಿಯುವುದು ಮುಖ್ಯವೋ, ಹೆಸರು ಮುಖ್ಯವೋ? ಕನ್ನಡ ಸಂಘದವರಿಗೆ ಬೇರೆ ಕೆಲಸವಿಲ್ಲವೇ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ಮನೆಯಲ್ಲಿ ಎರಡು ಕರ್ನಾಟಕಗಳಿವೆ. ಅಮ್ಮ ಕರಾವಳಿಯವಳು, ಅಪ್ಪ ಧಾರವಾಡದ ಕಡೆಯವನು. ಅಮ್ಮನಿಗೆ ಕಷಾಯ ದಿನನಿತ್ಯದ ಪಾನೀಯ. ಕೊತ್ತಂಬರಿ ಬೀಜ, ಜೀರಿಗೆ, ಸ್ವಲ್ಪ ಮೆಂತೆ, ನಾಲ್ಕು ಒಳ್ಳೆಮೆಣಸು, ಇವನ್ನು ಹದವಾಗಿ ಹುರಿದು ಪುಡಿ ಮಾಡಿಟ್ಟರೆ ತಿಂಗಳ ಚಿಂತೆ ಇಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಚಹಾ-ಕಾಫಿಯ ಹಾಗೇ ಕಷಾಯ ಕುಡಿಯುವ ಮನೆಗಳು ಎಷ್ಟೋ ಇವೆ. ಆದರೆ ಅಪ್ಪನ ಎದುರಿಗೆ ಅದೇ ಲೋಟ ಇಟ್ಟರೆ, "ನಾ ಏನ್ ಜಡ್ಡಿನ ಮನಷ್ಯಾನೇನ? ಚಾ ಕೊಡ" ಎನ್ನುತ್ತಾನೆ. ಬಯಲುಸೀಮೆಯ ಅವನಿಗೆ ಕಷಾಯ ಎಂದರೆ ಔಷಧ. ಅದೇ ಅಪ್ಪ ಚಹಾದಲ್ಲಿ ಹಸಿಶುಂಠಿ ಕಡಿಮೆಯಾದರೆ ಲೋಟ ವಾಪಸು ಕಳಿಸುತ್ತಾನೆ! ಒಂದೇ ಭಾಷೆಯ ಒಂದೇ ಶಬ್ದಕ್ಕೆ ಒಂದೇ ಮನೆಯಲ್ಲಿ ಎರಡು ರುಚಿ. ನನ್ನ ನಾಚಿಕೆಯ ಬೇರು ಬಹುಶಃ ಇಲ್ಲೇ ಇತ್ತು. ಕಷಾಯದಲ್ಲಿ ರುಚಿಯೂ ಉಂಟೆಂದು ಅಮ್ಮನ ಮನೆಯವರಿಗೆ ಗೊತ್ತು. ಹೊರಗೆ ಹಾಗೆಂದು ಹೇಳುವ ಧೈರ್ಯ ನನಗಿರಲಿಲ್ಲ.

ನಾವು ಕನ್ನಡದ ವಿದ್ಯಾರ್ಥಿಗಳಾದ್ದರಿಂದ ಶಬ್ದವನ್ನೇ ಸ್ವಲ್ಪ ಕೆದಕೋಣ. ಕಷಾಯ ಸಂಸ್ಕೃತದಿಂದ ಬಂದ ಮಾತು. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂಬ ಆರು ರಸಗಳಲ್ಲಿ ಕೊನೆಯದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಗರು. ಸಂನ್ಯಾಸಿಯ ಕಾಷಾಯ ವಸ್ತ್ರಕ್ಕೂ ಇದೇ ಮೂಲ. ಈಗ ತಮಾಷೆ ನೋಡಿ: ಅಮ್ಮನ ಕೊತ್ತಂಬರಿ ಕಷಾಯದಲ್ಲಿ ಒಗರು ಬಹಳ ಕಡಿಮೆ. ನಾಲಿಗೆಯನ್ನು ಹಿಡಿದೆಳೆಯುವ ನಿಜವಾದ ಒಗರು ಇರುವುದು ಚಹಾದ ಎಲೆಯಲ್ಲಿ! ಹಾಲು ಹಾಕದೆ ಹತ್ತು ನಿಮಿಷ ಕುದಿಸಿದ ಚಹಾ ಕುಡಿದು ನೋಡಿದರೆ ಗೊತ್ತಾಗುತ್ತದೆ. ರಸದ ಲೆಕ್ಕದಲ್ಲಿ ನೋಡಿದರೆ ಚಹಾವನ್ನೇ ಕಷಾಯ ಎನ್ನಬೇಕಾಗಿತ್ತು. ನಾವು ಕಷಾಯವನ್ನು ಚಹಾ ಎನ್ನಲು ಹೊರಟಿದ್ದೇವೆ.

ಇನ್ನೂ ಒಂದು ಸಂಗತಿ. ಆಯುರ್ವೇದದಲ್ಲಿ ಕಷಾಯ ಎಂದರೆ ಒಂದೇ ಬಗೆಯಲ್ಲ, ಐದು. ಹಸಿ ಸೊಪ್ಪನ್ನು ಹಿಂಡಿ ತೆಗೆದ ರಸ ಸ್ವರಸ, ಅರೆದದ್ದು ಕಲ್ಕ, ನೀರಿನಲ್ಲಿ ಕುದಿಸಿ ಬತ್ತಿಸಿದ್ದು ಕ್ವಾಥ, ರಾತ್ರಿ ತಣ್ಣೀರಿನಲ್ಲಿ ನೆನೆಯಿಟ್ಟು ಬೆಳಿಗ್ಗೆ ಸೋಸಿದ್ದು ಹಿಮ, ಬಿಸಿನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ಟು ಸೋಸಿದ್ದು ಫಾಂಟ. ಶಾರ್ಙ್ಗಧರ ಸಂಹಿತೆ ಕ್ವಾಥಕ್ಕೆ ಕೊಡುವ ಅಳತೆ ಒಂದು ಪಾಲು ಮೂಲಿಕೆಗೆ ಹದಿನಾರು ಪಾಲು ನೀರು, ಅದನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವುದು. ಇಂದು ಅಂಗಡಿಯಲ್ಲಿ ಸಣ್ಣ ಚೀಲದಲ್ಲಿ ತುಂಬಿ ಮಾರುವುದನ್ನು ಬಿಸಿನೀರಿನಲ್ಲಿ ಅದ್ದಿ ಕುಡಿಯುತ್ತೇವಲ್ಲ, ಅದು ಫಾಂಟವೇ. ಕುದಿಸುವುದು ಬೇರೆ, ನೆನೆಸುವುದು ಬೇರೆ ಎಂಬ ವಿವೇಕ ಶಬ್ದದಲ್ಲೇ ಇತ್ತು. "ಹರ್ಬಲ್ ಟೀ" ಎಂಬ ಒಂದೇ ಬುಟ್ಟಿಗೆ ಬೇರು, ಬೀಜ, ಎಲೆ, ಹೂವು ಎಲ್ಲವನ್ನೂ ಸುರಿದರೆ ಆ ವಿವೇಕ ಹೋಗುತ್ತದೆ. ಹೆಸರು ಮುಖ್ಯವೇ ಎಂಬ ಪ್ರಶ್ನೆಗೆ ಇದು ನನ್ನ ಮೊದಲ ಉತ್ತರ: ಹೆಸರು ಕಳೆದಾಗ ಮಾಡುವ ಕ್ರಮವೂ ಕಳೆಯುತ್ತದೆ, ಅದರ ಹಿಂದೆಯೇ ರುಚಿಯೂ.

ಹಾಗೆಂದು ನಾನು ಚಹಾದ ವೈರಿಯಲ್ಲ. ಅಂಥ ವೈರವನ್ನು ಗಾಂಧೀಜಿಯೇ ಕಟ್ಟಿಕೊಂಡು ನೋಡಿದರು. ೧೯೪೨ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಚಹಾ, ಕಾಫಿ ಎರಡೂ ಬೇಡವೆಂದರು. ಬಿಸಿನೀರಿಗೆ ಜೇನು, ನಿಂಬೆರಸ ಸೇರಿಸಿ ಕುಡಿಯಿರಿ ಎಂದರು. ದೇಶ ಅವರ ಬೇರೆ ಎಷ್ಟೋ ಮಾತು ಕೇಳಿತು, ಇದೊಂದನ್ನು ಕೇಳಲಿಲ್ಲ. ಚಹಾ ನಮ್ಮಲ್ಲಿ ಮನೆಮಾತಾದದ್ದು ತಾನಾಗಿ ಅಲ್ಲ. ತೋಟದ ಮಾಲೀಕರು ೧೯೦೩ರಿಂದ ಚಹಾದ ಮೇಲಿನ ಸೆಸ್ಸಿನ ಹಣದಲ್ಲಿ ಪ್ರಚಾರ ನಡೆಸಿದರು. ಊರೂರಿಗೆ ಹೋಗಿ ಕುಡಿಸಿ ತೋರಿಸಿದರು. ಆದರೆ ನಮ್ಮ ಜನ ಅವರು ಹೇಳಿಕೊಟ್ಟ ಹಾಗೇ ಕುಡಿಯಲಿಲ್ಲ. ಹಾಲು ಹೆಚ್ಚು ಹಾಕಿದರು, ಸಕ್ಕರೆ ಹೆಚ್ಚು ಹಾಕಿದರು, ಶುಂಠಿ ಏಲಕ್ಕಿ ಜಜ್ಜಿ ಹಾಕಿದರು. ಮಸಾಲೆ ಹಾಕಿದರೆ ಎಲೆ ಕಡಿಮೆ ಖರ್ಚಾಗುತ್ತದೆಂದು ವ್ಯಾಪಾರದವರಿಗೆ ಅದು ಹಿಡಿಸಲಿಲ್ಲ. ಆದರೂ ಜನ ಗೆದ್ದರು. ಇಂದು ನಮ್ಮ ಸ್ಟೇಷನ್ನಿನ ಹೊರಗೆ ಕುಡಿಯುವ ಕಟಿಂಗ್ ಆ ಗೆಲುವಿನ ವಂಶದ್ದೇ.

ಶಬ್ದದಲ್ಲೂ ಹೀಗೆಯೇ. ಚೀನಾದ ಒಂದು ತೀರದ ಉಚ್ಚಾರ "ತೆ" ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ ಇಂಗ್ಲಿಷಿನ ಟೀ ಆಯಿತು; "ಚಾ" ಎಂಬ ಇನ್ನೊಂದು ಉಚ್ಚಾರ ನಮ್ಮ ಕಡೆ ಚಹಾ, ಚಾ, ಚಾಯ್ ಆಯಿತು. ಬೆಂಗಳೂರಿನ ನೆಂಟರು ಟೀ ಎನ್ನುತ್ತಾರೆ, ಅಪ್ಪ ಚಾ ಎನ್ನುತ್ತಾನೆ. ಎರಡೂ ನಮ್ಮವೇ. ಪರಭಾಷೆಯ ಶಬ್ದ ಬಂದಿತೆಂದು ಅಳುವವನು ನಾನಲ್ಲ.

ಮರಾಠಿಯ ಗವತಿ ಚಹಾವನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಭಾಜಿಯವರು ಶುಂಠಿ, ಪುದೀನ ಪಕ್ಕದಲ್ಲಿ ಉದ್ದನೆಯ ಹಸಿರು ಹುಲ್ಲಿನ ಕಟ್ಟು ಇಟ್ಟುಕೊಂಡಿರುತ್ತಾರಲ್ಲ, ಅದೇ. ಗವತ್ ಎಂದರೆ ಹುಲ್ಲು. ಕನ್ನಡದಲ್ಲಿ ಅದು ಮಜ್ಜಿಗೆ ಹುಲ್ಲು ಅಥವಾ ನಿಂಬೆ ಹುಲ್ಲು. ಒಬ್ಬರು ಚಹಾಕ್ಕೆ ಸೇರಿಸಿ ಚಹಾ ಎಂದರು, ಇನ್ನೊಬ್ಬರು ಮಜ್ಜಿಗೆಯ ಹೆಸರಿಟ್ಟು ಕರೆದರು. ಎರಡು ಭಾಷೆಯವರ ಅಡಿಗೆಮನೆಗಳು ಒಂದು ಹುಲ್ಲಿನ ಹೆಸರಿನಲ್ಲಿ ಕಾಣುತ್ತವೆ. ಅಮ್ಮ ಈಗ ಗವತಿ ಚಹಾ ಎಂದೇ ಕೇಳಿ ತರುತ್ತಾಳೆ. ಅದಕ್ಕೆ ನನ್ನ ತಕರಾರಿಲ್ಲ. ಇದು ನೆರೆಹೊರೆಯಿಂದ ಬಂದ ಶಬ್ದ. "ಹರ್ಬಲ್ ಟೀ" ನಮ್ಮ ಮನೆಗೆ ಬಂದದ್ದು ನಾಚಿಕೆಯಿಂದ. ಇದು ನನ್ನ ಎರಡನೆಯ ಉತ್ತರ.

ಸರಕಾರದವರಿಗೂ ಈ ಹೆಸರಿನ ವಿಷಯದಲ್ಲಿ ಗೊಂದಲವಿದ್ದದ್ದೇ. ಕೋವಿಡ್ ಬಂದ ೨೦೨೦ರಲ್ಲಿ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಪಾನೀಯ ಕುಡಿಯಲು ಸಲಹೆ ಕೊಟ್ಟಾಗ ಹರ್ಬಲ್ ಟೀ, ಕಾಢಾ ಎರಡೂ ಹೆಸರನ್ನು ಒಟ್ಟಿಗೆ ಬರೆಯಿತು. ೨೦೨೫ರ ಡಿಸೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಚಹಾ ಗಿಡದಿಂದ ಬಾರದ ಯಾವುದನ್ನೂ ಪೊಟ್ಟಣದ ಮೇಲೆ ಟೀ ಎಂದು ಬರೆಯಬಾರದೆಂದು ಸ್ಪಷ್ಟಪಡಿಸಿತು. ಕಂಪನಿಗಳು ಈಗ ಬೇರೆ ಹೆಸರು ಹುಡುಕಬೇಕು. ನಾವು ಹುಡುಕಬೇಕಾಗಿಲ್ಲ, ನಮ್ಮ ಭರಣಿಯ ಮೇಲೆ ಅದು ಇದ್ದೇ ಇದೆ. ಅದನ್ನು ಅಳಿಸಿದವನು ನಾನು.

ಇನ್ನೊಂದು ಅತಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕೆಲವರು ಕಷಾಯವನ್ನು ಹೊಗಳಲು ಹೊರಟರೆ ಅದು ಎಲ್ಲ ರೋಗಕ್ಕೂ ರಾಮಬಾಣವಾಗಿಬಿಡುತ್ತದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ದಿನಾ ಕುದಿಸಿ ಕುಡಿದವರು ಬಹಳ. ಅದನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಬಳ್ಳಿ ಮನೆಯಂಗಳದ್ದೆಂದ ಮಾತ್ರಕ್ಕೆ ಲೆಕ್ಕವಿಲ್ಲದೆ ಕುಡಿಯಬಹುದೆಂದು ಅರ್ಥವಲ್ಲ. ನನ್ನ ಮಟ್ಟಿಗೆ ಕಷಾಯವನ್ನು ಉಳಿಸುವ ದಾರಿ ಔಷಧದ ಹೊಗಳಿಕೆಯಲ್ಲಿಲ್ಲ. ಔಷಧವೆಂದರೆ ಜನ ಕಾಯಿಲೆ ಬಂದಾಗ ಮಾತ್ರ ನೆನೆಸುತ್ತಾರೆ, ಅಪ್ಪನ ಹಾಗೆ. ಅದು ರುಚಿಯಾಗಿದೆ ಎನ್ನಿ, ಸಾಕು.

ರುಚಿ ನೋಡುವುದಕ್ಕೂ ಒಂದು ಅಭ್ಯಾಸ ಬೇಕು. ಆ ದಿನದ ಮೇಲೆ ಅಮ್ಮನ ಹತ್ತಿರ ಕೂತು ಕಲಿತದ್ದನ್ನು ಹೇಳುತ್ತೇನೆ. ಬೇರು, ಬೀಜಗಳನ್ನು ಕುದಿಸಿ. ಎಲೆ, ಹೂವುಗಳನ್ನು ಕುದಿಸಬೇಡಿ. ಮಜ್ಜಿಗೆ ಹುಲ್ಲನ್ನು ಹೆಚ್ಚಿ ಹಾಕಿ, ಒಲೆ ಆರಿಸಿ, ಮುಚ್ಚಳ ಮುಚ್ಚಿ ಐದು ನಿಮಿಷ ಬಿಡಿ. ಮುಚ್ಚದಿದ್ದರೆ ಪರಿಮಳ ಅಡಿಗೆಮನೆಗೆ ಸಿಗುತ್ತದೆ, ಲೋಟಕ್ಕೆ ಸಿಗುವುದಿಲ್ಲ. ಹಸಿಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಹಾಕಿ, ಇಲ್ಲವಾದರೆ ಹಾಲು ಒಡೆದೀತು. ಕೊತ್ತಂಬರಿಯನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಕಪ್ಪಾದರೆ ಕಷಾಯ ಪೂರ್ತಿ ಕಹಿ. ನಮ್ಮ ಕಂಪೌಂಡಿನ ಶಂಖಪುಷ್ಪದ ನಾಲ್ಕು ಹೂವಿಗೆ ಬಿಸಿನೀರು ಹೊಯ್ದರೆ ನೀರು ನೀಲಿಯಾಗುತ್ತದೆ. ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುತ್ತದೆ. ರುಚಿ ಹೆಚ್ಚೇನಿಲ್ಲ, ನೋಡುವ ಸಂತೋಷ ಮಾತ್ರ ದೊಡ್ಡದು. ಮತ್ತೆ, ಮೊದಲ ಗುಟುಕು ಬೆಲ್ಲವಿಲ್ಲದೆ ಕುಡಿಯಿರಿ. ಯಾವುದು ಕೊತ್ತಂಬರಿ, ಯಾವುದು ಜೀರಿಗೆ ಎಂದು ನಾಲಿಗೆಗೆ ಗುರುತು ಹತ್ತುವುದು ಆಗಲೇ. ಇದನ್ನೆಲ್ಲ ಕಲಿಯಲು ಬೇಕಾದದ್ದು ಒಂದು ಕುಟ್ಟಾಣಿ, ಒಂದು ಸೋಸುಕ, ಅರ್ಧ ಗಂಟೆಯ ಬಿಡುವು ಅಷ್ಟೆ.

ಕೊನೆಗೆ ಒಂದು ಸಲಹೆ. ನಮ್ಮ ಸಂಘದ ಮುಂದಿನ ಸಭೆಗೆ ಹೊರಗಿನ ಕಟಿಂಗ್ ಬೇಡ. ಒಬ್ಬೊಬ್ಬರು ತಮ್ಮ ಮನೆಯದ್ದನ್ನು ಫ್ಲಾಸ್ಕಿನಲ್ಲಿ ತರೋಣ. ಜತೆಗೆ ಒಂದು ಚೀಟಿ: ಅದರಲ್ಲಿ ಏನು ಹಾಕಿದೆ, ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಾರೆ, ಅಜ್ಜಿ ಏನೆನ್ನುತ್ತಿದ್ದಳು. ನಮ್ಮಲ್ಲಿ ಉಡುಪಿಯವರಿದ್ದಾರೆ, ಕಾರವಾರದವರಿದ್ದಾರೆ, ವಿಜಯಪುರ, ಕಲಬುರಗಿಯವರಿದ್ದಾರೆ. ತುಳು, ಕೊಂಕಣಿ ಮಾತಾಡುವವರೂ ಇದ್ದಾರೆ. ಡೊಂಬಿವಲಿಯಲ್ಲಿ ಹುಟ್ಟಿದ ನಾವು ನಮ್ಮ ಊರನ್ನು ನೋಡುವುದು ಮೇ ರಜೆಯಲ್ಲಿ ಎಂಟು ದಿವಸ. ಮಿಕ್ಕ ದಿನವೆಲ್ಲ ಊರು ಇರುವುದು ಅಡಿಗೆಮನೆಯ ಭರಣಿಗಳಲ್ಲಿ, ಅವುಗಳ ಹೆಸರುಗಳಲ್ಲಿ. ಚೀಟಿಗಳೆಲ್ಲ ಸೇರಿದರೆ ಈ ಪತ್ರಿಕೆಯ ನಾಲ್ಕು ಪುಟವಾದೀತು. ಯಾವ ನಿಘಂಟಿನಲ್ಲೂ ಇಲ್ಲದ ಎರಡು ಶಬ್ದ ಸಿಕ್ಕರೂ ನಮ್ಮ ಶ್ರಮ ಸಾರ್ಥಕ.

ನಾನು ನನ್ನ ಕೆಲಸ ಆರಂಭಿಸಿದ್ದೇನೆ. ಮೊನ್ನೆ ಅದೇ ಇಬ್ಬರು ಮಿತ್ರರು ಮತ್ತೆ ಬಂದರು. ಲೋಟ ಇಡುತ್ತ ಅಮ್ಮ ನನ್ನ ಮುಖ ನೋಡಿದಳು, ಯಾವ ಹೆಸರು ಹೇಳಬೇಕೆಂದು ತಿಳಿಯದವಳ ಹಾಗೆ.

"ಕಷಾಯ" ಎಂದೆ. "ಆವತ್ತು ಕುಡಿದಿರಲ್ಲ, ಅದೇ. ನಾನು ಹೆಸರು ತಪ್ಪು ಹೇಳಿದ್ದೆ."

"ಅದಕ್ಕೆ ಎಂತ, ಮಾರಾಯ! ಆರುವುದರೊಳಗೆ ಕುಡೀರಿ" ಎಂದಳು ಅಮ್ಮ. ಮಿತ್ರರಿಗೆ ಕನ್ನಡ ಬರದು. ಲೋಟ ಎತ್ತಿಕೊಂಡರು.