ಮನೆ–ಮಕ್ಕಳು: ಬೂಟಿನ ಗಂಟು

ಮಕ್ಕಳ ವಿದ್ಯಾಭ್ಯಾಸವೆಂದೊಡನೆ ನಮ್ಮ ಮನಸ್ಸು ಅಕ್ಷರ, ಅಂಕಿ, ಮಗ್ಗಿಗಳ ಕಡೆಗೆ ಹರಿಯುವುದು ಸಹಜ. ಆದರೆ ಕೂಸು ತನ್ನ ಬೆರಳುಗಳಿಂದ ಕಲಿಯತಕ್ಕ ವಿದ್ಯೆಗಳೂ ಉಂಟು. ಅವುಗಳಿಗೆ ಪರೀಕ್ಷೆಯಿಲ್ಲ, ಗುಣಗಳಿಲ್ಲ. ಆದುದರಿಂದಲೇ ಮನೆಯಲ್ಲಿ ಅವು ಹಿಂದೆ ಬೀಳುತ್ತವೆ. ಬೂಟಿನ ದಾರವನ್ನು ತಾನೇ ಕಟ್ಟಿಕೊಳ್ಳುವುದು ಅಂಥದೊಂದು ವಿದ್ಯೆ. ಈ ಸಲ ಅದನ್ನು ಕುರಿತು ನಾಲ್ಕು ಮಾತು ಹೇಳುವೆವು.

ಹುಮನಾಬಾದಿನಂಥ ಊರುಗಳಲ್ಲಿ ಈ ವಿಷಯಕ್ಕೆ ಹಿಂದಿಲ್ಲದ ಮಹತ್ವ ಬಂದಿದೆ. ೨೦೧೫–೧೬ನೆಯ ಶೈಕ್ಷಣಿಕ ವರ್ಷದಿಂದ ರಾಜ್ಯ ಸರಕಾರವು ಸರಕಾರಿ ಶಾಲೆಗಳ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟನ್ನೂ ಎರಡು ಜೊತೆ ಕಾಲುಚೀಲವನ್ನೂ ಕೊಡುವ ಏರ್ಪಾಡು ಮಾಡಿತು. ಚಪ್ಪಲಿಯಲ್ಲಿಯೋ ಬರಿಗಾಲಿನಲ್ಲಿಯೋ ಶಾಲೆಗೆ ನಡೆಯುತ್ತಿದ್ದ ಎಷ್ಟೋ ಮಕ್ಕಳ ಕಾಲಿಗೆ ಹೀಗೆ ಬೂಟು ಬಂದಿತು. ಅದು ದಾರದ ಬೂಟಾದಲ್ಲಿ, ತಮ್ಮ ಬಾಲ್ಯದಲ್ಲಿ ಅದನ್ನು ಮೆಟ್ಟಿ ಅರಿಯದ ತಾಯ್ತಂದೆಗಳು ಕೂಸಿನೊಡನೆ ತಾವೂ ಕಲಿಯಬೇಕಾಗುವುದು. ಇದರಲ್ಲಿ ನಾಚಿಕೊಳ್ಳತಕ್ಕದ್ದೇನೂ ಇಲ್ಲ. ಲಂಗದ ಲಾಡಿ, ಪಾಯಿಜಾಮದ ಲಾಡಿ ಕಟ್ಟಬಲ್ಲವರಿಗೆ ಅರ್ಧ ವಿದ್ಯೆ ಬಂದೇ ಇದೆ.

ಚಳಿಯ ದೇಶಗಳಲ್ಲಿ ಮುಂಜಾನೆ ಕಟ್ಟಿದ ಬೂಟನ್ನು ಹೊತ್ತು ಮುಳುಗುವವರೆಗೂ ಬಿಚ್ಚದೆ ಇರುವವರುಂಟು. ನಮ್ಮಲ್ಲಿ ಹಾಗಲ್ಲ. ಮನೆಯ ಹೊಸ್ತಿಲಲ್ಲಿ ಬಿಚ್ಚಬೇಕು, ವೀರಭದ್ರೇಶ್ವರನ ಗುಡಿಯ ಮುಂದೆ ಬಿಚ್ಚಬೇಕು, ಮಾಣಿಕನಗರದಲ್ಲಿ ಪ್ರಭುಗಳ ದರ್ಶನಕ್ಕೆ ಹೋದರೆ ಅಲ್ಲಿಯೂ ಬಿಚ್ಚಬೇಕು. ದಿನಕ್ಕೆ ಹಲವು ಸಲ ಬಿಚ್ಚಿ ಕಟ್ಟಲು ಬೇಸತ್ತ ಮಗು ಗಂಟನ್ನು ಹಾಗೆಯೇ ಬಿಟ್ಟು ಬೂಟಿನ ಹಿಮ್ಮಡಿಯನ್ನು ತುಳಿದು ಕಾಲು ತೂರಿಸುತ್ತದೆ. ಬೂಟು ಬೇಗನೆ ಕೆಡುತ್ತದೆ, ನಡಿಗೆಯೂ ಕೆಡುತ್ತದೆ. ಆದುದರಿಂದ ಬೂಟಿನ ಗಂಟಿಗೆ ಎರಡು ಗುಣಗಳಿರಬೇಕು: ನಡೆಯುವಾಗ ಅದು ಬಿಚ್ಚಬಾರದು, ಬೇಕೆಂದಾಗ ಒಂದೇ ಎಳೆತಕ್ಕೆ ಬಿಚ್ಚಬೇಕು. ಮಗುವಿಗೆ ಮೊತ್ತಮೊದಲು ಬಿಚ್ಚುವುದನ್ನೇ ಕಲಿಸುವುದು ಲೇಸು. ಎಳೆಯತಕ್ಕದ್ದು ದಾರದ ತುದಿಯನ್ನು, ಕುಣಿಕೆಯನ್ನಲ್ಲ. ಕುಣಿಕೆಯನ್ನೆಳೆದರೆ ಲಾಡಿಗಂಟು ಕಗ್ಗಂಟಾಗುವುದು.

ಬಹುಪಾಲು ಮಕ್ಕಳಿಗೆ ಈ ಕೆಲಸ ಕೈಗೂಡುವುದು ೫ರಿಂದ ೭ ವರ್ಷಗಳ ನಡುವೆ. ಅದಕ್ಕೆ ಮುಂಚೆ ಅಂಟುಪಟ್ಟಿಯ ಬೂಟು ಸಾಕು. ಅಂಗಿಯ ಗುಂಡಿ ಹಾಕಿಕೊಳ್ಳುವ, ಮಣಿ ಪೋಣಿಸುವ ಬೆರಳಿಗೆ ದಾರವೂ ಬಲುಬೇಗನೆ ಒಗ್ಗುತ್ತದೆ.

ಕಲಿಸುವ ಕ್ರಮ ಹೀಗಿರಲಿ. ಬೂಟನ್ನು ಮೊದಲು ಕಾಲಿಗೆ ಹಾಕದೆ ಮಗುವಿನ ಮುಂದೆ ಮಣೆಯ ಮೇಲಿಡಿರಿ. ಬೂಟಿನ ಮೂತಿ ಆಚೆಗಿರಲಿ. ನೀವು ಎದುರಿಗೆ ಕುಳ್ಳಿರಬೇಡಿರಿ, ಎಡಬಲಗಳು ತಿರುವುಮುರುವಾಗುವುವು, ಪಕ್ಕದಲ್ಲಿ ಕುಳಿತುಕೊಳ್ಳಿರಿ. ಒಂದು ಕೆಂಪು, ಒಂದು ಬಿಳಿ ದಾರವನ್ನು ತುದಿಗಳಲ್ಲಿ ಜೋಡಿಸಿ, ಆ ಜೋಡು ಮೂತಿಯ ಕಡೆ ಬರುವಂತೆ ಬೂಟಿಗೆ ಪೋಣಿಸಿರಿ. ನುಣುಪಾದ ಗುಂಡುದಾರಕ್ಕಿಂತ ಚಪ್ಪಟೆಯಾದ ಹತ್ತಿಯ ದಾರ ಮೇಲು. ಈಗ ಕೆಂಪನ್ನು ಬಿಳಿಯ ಮೇಲೆ ದಾಟಿಸಿ, ಕೆಳಗಿನಿಂದ ನುಗ್ಗಿಸಿ, ಎರಡನ್ನೂ ಬಿಗಿಯಾಗಿ ಎಳೆಯಬೇಕು. ಬಳಿಕ ಒಂದೊಂದು ದಾರವನ್ನೂ ಮಡಿಸಿ ಎರಡು ಕುಣಿಕೆ ಮಾಡಬೇಕು. ಕೆಂಪು ಕುಣಿಕೆಯನ್ನು ಮತ್ತೆ ಬಿಳಿಯ ಕುಣಿಕೆಯ ಮೇಲೆಯೇ ದಾಟಿಸಿ, ಕೆಳಗಿನ ಸಂದಿನಲ್ಲಿ ನುಗ್ಗಿಸಿ ಎಳೆಯಬೇಕು. ಎರಡು ಸಲವೂ ಕೆಂಪೇ ಮೇಲೆ: ಮಗು ನೆನಪಿಡಬೇಕಾದದ್ದು ಇಷ್ಟೇ.

ಈ ನಿಯಮಕ್ಕೆ ಕಾರಣವುಂಟು. ಎರಡನೆಯ ಸಲ ಬಿಳಿಯು ಮೇಲಾದರೆ ಗಂಟು ಹೊರಳಿ, ಕುಣಿಕೆಗಳು ಬೂಟಿಗೆ ಅಡ್ಡಲಾಗಿ ನಿಲ್ಲದೆ ಮೂತಿಯಿಂದ ಕಣಕಾಲಿನ ಕಡೆಗೆ ಉದ್ದಕ್ಕೆ ಮಲಗುತ್ತವೆ. ಅದು ದುರ್ಬಲವಾದ ಗಂಟು. ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ೨೦೧೭ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಓಡುವಾಗ ಪಾದವು ನೆಲಕ್ಕೆ ಬಡಿಯುವ ರಭಸವು ಗುರುತ್ವಾಕರ್ಷಣೆಯ ಸುಮಾರು ೭ ಪಟ್ಟು. ಆ ಪೆಟ್ಟಿಗೆ ಗಂಟು ಸಡಿಲುತ್ತದೆ, ಬೀಸುವ ಕಾಲಿನೊಡನೆ ಚಾಟಿಯಂತೆ ಆಡುವ ದಾರದ ತುದಿಗಳು ಅದನ್ನು ಎಳೆದು ಬಿಚ್ಚುತ್ತವೆ. ಸರಿಯಾದ ಗಂಟೂ ಒಮ್ಮೊಮ್ಮೆ ಬಿಚ್ಚೀತು. ತಪ್ಪು ಗಂಟು ಅದಕ್ಕಿಂತ ಬಹು ಬೇಗನೆ ಬಿಚ್ಚುತ್ತದೆ. ನಿಮ್ಮ ಬೂಟಿನ ಕುಣಿಕೆಗಳೂ ಉದ್ದಕ್ಕೆ ಮಲಗುತ್ತಿದ್ದರೆ ಮೊದಲನೆಯ ದಾಟನ್ನು ಮಾತ್ರ ತಿರುಗಿಸಿ ಹಾಕಿ ನೋಡಿರಿ.

ಇಡೀ ಕ್ರಮವನ್ನು ಒಂದೇ ದಿನ ಮಗುವಿನ ಮೇಲೆ ಹೊರಿಸಬಾರದು. ಕೊನೆಯಿಂದ ಮೊದಲಿಗೆ ಬರುವುದು ಒಳ್ಳೆಯ ಉಪಾಯ. ಮೊದಲ ದಿನಗಳಲ್ಲಿ ಎಲ್ಲವನ್ನೂ ನೀವು ಮಾಡಿ, ಕಡೆಯ ಎಳೆತವನ್ನು ಮಾತ್ರ ಮಗುವಿಗೆ ಬಿಡಿರಿ. ಅದು ಬಂದ ಮೇಲೆ ಕುಣಿಕೆ ನುಗ್ಗಿಸುವುದನ್ನು, ಅನಂತರ ಕುಣಿಕೆ ಮಾಡುವುದನ್ನು, ಕಟ್ಟಕಡೆಗೆ ಮೊದಲನೆಯ ದಾಟನ್ನು ಬಿಡಿರಿ. ಹೀಗೆ ಮಾಡಿದಲ್ಲಿ ಪ್ರತಿಸಲವೂ ಕೆಲಸವನ್ನು ಮುಗಿಸಿದ ಸಂತೋಷ ಮಗುವಿನದಾಗುತ್ತದೆ. ಕಲಿಸುವುದು ಸಂಜೆಯ ಬಿಡುವಿನಲ್ಲಿರಲಿ. ಶಾಲೆಯ ಹೊತ್ತು ಮೀರುತ್ತಿರುವಾಗ ಗದರಿಸುತ್ತ ಕಲಿಸಿದ್ದು ಬೆರಳಿಗೆ ಹತ್ತುವುದಿಲ್ಲ.

ಅವಸರದಲ್ಲಿ ತಾಯಿಯೇ ಬಗ್ಗಿ ಕಟ್ಟಿಬಿಡುವುದು ಸುಲಭವೆಂದು ತೋರುವುದು. ಅರ್ಧ ನಿಮಿಷದ ಕೆಲಸ. ಆದರೆ ಆ ಅರ್ಧ ನಿಮಿಷಗಳು ಕೂಡಿ ವರ್ಷಗಳಾಗುತ್ತವೆ. ಹೆಣ್ಣುಮಗು ಆರನೆಯ ವರ್ಷದಲ್ಲಿ ತಾನೇ ಕಟ್ಟಿಕೊಳ್ಳಲೆಂದು ಬಯಸುವ ಮನೆಯಲ್ಲಿಯೇ, ಹತ್ತು ವರ್ಷದ ಗಂಡುಮಗನು ಕಾಲು ಚಾಚಿ ಕುಳಿತಿರುವುದನ್ನು ಕಾಣುವೆವು. ತಾಯಿಯ ಕೈಗೆ ಕಾಲೊಡ್ಡಿ ಬೆಳೆದವನು ಮುಂದೆ ಹೆಂಡತಿಯ ಕೈಯನ್ನೂ ಹಾಗೆಯೇ ಎದುರುನೋಡಿದರೆ ಆಶ್ಚರ್ಯವೇನು? ಪ್ರೀತಿಯಿಂದಲೇ ಬಿತ್ತಿದ ಬೀಜವಾದರೂ ಇದರ ಫಲ ಕಹಿ.

ನಮ್ಮ ನೆರೆಯ ಬಸವಕಲ್ಯಾಣದ ನೆಲದಲ್ಲಿ ಹನ್ನೆರಡನೆಯ ಶತಮಾನದ ಶರಣ ಹರಳಯ್ಯನವರ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಆತನೂ ಕಲ್ಯಾಣಮ್ಮನೂ ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟಲೊಪ್ಪದೆ ತಲೆಯ ಮೇಲಿಟ್ಟುಕೊಂಡರೆಂದೂ ಪರಂಪರೆ ಹೇಳುತ್ತದೆ. ಕೆರವು ಕೀಳಲ್ಲ, ಅದನ್ನು ಮಾಡುವ ಕೈ ಕೀಳಲ್ಲವೆಂಬುದು ಈ ಸೀಮೆಯ ಮಕ್ಕಳು ಕೇಳಿ ಬೆಳೆಯುವ ಕಥೆ. ತನ್ನ ಬೂಟಿಗೆ ತಾನು ಬಗ್ಗುವುದು ಕೀಳಲ್ಲವೆಂಬುದೂ ಅದರೊಡನೆಯೇ ಬರಲಿ.

ಮಗು ಕಟ್ಟಿದ ಮೊದಲ ಗಂಟು ಸೊಟ್ಟಗಿರುವುದು, ಬಾಗಿಲು ದಾಟುವುದರೊಳಗೆ ಬಿಚ್ಚಲೂಬಹುದು. ದಯಮಾಡಿ ಅದನ್ನು ನೀವು ತಿದ್ದಿ ಕಟ್ಟಬೇಡಿರಿ. ಇನ್ನೊಮ್ಮೆ ಕಟ್ಟೆಂದು ಹೇಳಿ, ಎರಡು ನಿಮಿಷ ಬಾಗಿಲಲ್ಲಿ ಕಾದು ನಿಲ್ಲಿರಿ.