ರಾಷ್ಟ್ರಪತಿಗಳ ಅರ್ಧವಾರ್ಷಿಕ ಅಂಕಪಟ್ಟಿ



ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಮಗಳು ಕೇಳಿದಳು: "ಅಮ್ಮಾ, ರಾಷ್ಟ್ರಪತಿ ಅಂದರೆ ಬರೀ ರಬ್ಬರ್ ಸ್ಟಾಂಪ್ ಅಲ್ಲವೇನಮ್ಮಾ?" ನಮ್ಮೂರ ಕಡೆ ಇದಕ್ಕೆ ಇನ್ನೂ ಚೆಂದದ ಮಾತಿದೆ: ಕೋಲೆಬಸವ. ಮೈಮೇಲೆ ಬಣ್ಣದ ಬಟ್ಟೆ ಹೊದ್ದು, ಯಜಮಾನ ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾ ಮನೆಮನೆಗೆ ಬರುವ ಎತ್ತು. ಒಂದು ಕಾಲದಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ. ನನ್ನ ಅಭಿಪ್ರಾಯ ಬದಲಿಸಿದವರು ಕೆ.ಆರ್. ನಾರಾಯಣನ್.

ಅವರು 1997ರ ಜುಲೈ 25ರಂದು ಅಧಿಕಾರ ವಹಿಸಿಕೊಂಡರು. ಐದು ವರ್ಷದ ಅವಧಿಯಲ್ಲಿ 2000ದ ಜನವರಿಗೆ ಸರಿಯಾಗಿ ಅರ್ಧ ಮುಗಿಯಿತು. ನಿಮ್ಮ ಅರ್ಧವಾರ್ಷಿಕ ಪರೀಕ್ಷೆಯಂತೆ ಅವರಿಗೂ ಅಲ್ಲಿಯವರೆಗಿನ ಅಂಕ ಕೊಟ್ಟು ನೋಡೋಣ.

ಮೊದಲು ಪ್ರಶ್ನೆಪತ್ರಿಕೆ ತಿಳಿದಿರಬೇಕು. ರಸ್ತೆ ಮಾಡಿಸುವುದು, ಬೆಲೆ ಇಳಿಸುವುದು ರಾಷ್ಟ್ರಪತಿಗಳ ಕೆಲಸವಲ್ಲ. ಮಂತ್ರಿಮಂಡಲದ ಸಲಹೆಯಂತೆ ಅವರು ನಡೆಯಬೇಕು. ಆದರೆ ಸಂವಿಧಾನದ 74ನೇ ವಿಧಿ ಒಂದು ಅವಕಾಶ ಕೊಟ್ಟಿದೆ. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು.

1997ರ ಅಕ್ಟೋಬರಿನಲ್ಲಿ ಗುಜ್ರಾಲ್ ಸರ್ಕಾರ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಮಂತ್ರಿಮಂಡಲವನ್ನು ತೆಗೆದು ರಾಷ್ಟ್ರಪತಿ ಆಳ್ವಿಕೆ ತರಲು ಸಲಹೆ ಮಾಡಿತು. ಕಲ್ಯಾಣ್ ಸಿಂಗ್ ಆಗತಾನೇ ಸದನದಲ್ಲಿ ವಿಶ್ವಾಸಮತ ಗೆದ್ದಿದ್ದರು. ನಾರಾಯಣನ್ ಕಾಗದ ಹಿಂದಿರುಗಿಸಿದರು. ಸರ್ಕಾರ ಸಲಹೆ ಕೈಬಿಟ್ಟಿತು. 1998ರ ಸೆಪ್ಟೆಂಬರಿನಲ್ಲಿ ವಾಜಪೇಯಿ ಸರ್ಕಾರ ಬಿಹಾರದ ರಾಬ್ಡಿ ದೇವಿಯವರ ಸರ್ಕಾರದ ಬಗ್ಗೆ ಅಂಥದೇ ಸಲಹೆ ಕಳಿಸಿತು. ಅದನ್ನೂ ಹಿಂದಿರುಗಿಸಿದರು. ದೆಹಲಿಯಲ್ಲಿ ಪಕ್ಷ ಬದಲಾದರೂ ತೂಗುವ ತಕ್ಕಡಿ ಬದಲಾಗಲಿಲ್ಲ. ನನ್ನ ಲೆಕ್ಕದಲ್ಲಿ ಅತಿ ಹೆಚ್ಚಿನ ಅಂಕ ಇದಕ್ಕೇ.

ಇದರಲ್ಲಿ ನಮ್ಮ ಕನ್ನಡನಾಡಿನ ಪಾಠವೂ ಇದೆ. 1989ರ ಏಪ್ರಿಲಿನಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ವಜಾ ಮಾಡಲಾಯಿತು. ಆ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್, ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲೇ ಎಂದಿತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಆದರೆ ಮುಂದಿನವರಿಗೆ ದಾರಿಯಾಯಿತು.

ಅಂಕ ಕಡಿಯುವವರೂ ಇದ್ದರು. ರಾಷ್ಟ್ರಪತಿಗಳು ಗೆರೆ ದಾಟುತ್ತಿದ್ದಾರೆ ಎಂದು ಕೆಲವರು ದೂರಿದರು. ಇನ್ನೊಂದು ಕಡೆ, ಬಿಹಾರದಲ್ಲಿ ದಲಿತರ ಹತ್ಯೆಗಳಾದ ಮೇಲೆ 1999ರ ಫೆಬ್ರವರಿಯಲ್ಲಿ ಸಲಹೆ ಮತ್ತೆ ಬಂದಾಗ ಅವರು ಸಹಿ ಹಾಕಿದರು. ರಾಜ್ಯಸಭೆಯಲ್ಲಿ ಬೆಂಬಲವಿಲ್ಲದೆ ಮಾರ್ಚಿನಲ್ಲಿ ಸರ್ಕಾರವೇ ಆ ಆದೇಶ ಹಿಂತೆಗೆದುಕೊಳ್ಳಬೇಕಾಯಿತು. ಹಾಗಾದರೆ ಅವರು ಸೋತರೇ? ನನಗೆ ಹಾಗನ್ನಿಸುವುದಿಲ್ಲ. ಹಿಂದಿರುಗಿಸುವುದು ಹೇಗೆ ಅವರ ಹಕ್ಕೋ, ಎರಡನೇ ಸಲ ಒಪ್ಪುವುದು ಹಾಗೆಯೇ ಅವರ ಕರ್ತವ್ಯ. ಎರಡೂ ಗೊತ್ತಿದ್ದವರು ಅವರು.

ಇನ್ನೊಂದು ಸಣ್ಣ ಸಂಗತಿ. 1998ರ ಲೋಕಸಭಾ ಚುನಾವಣೆಯಲ್ಲಿ ಅವರು ಎಲ್ಲರಂತೆ ಸಾಲಿನಲ್ಲಿ ನಿಂತು ಮತ ಹಾಕಿದರು. ಅಧಿಕಾರದಲ್ಲಿದ್ದಾಗ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದ ಮೊದಲ ರಾಷ್ಟ್ರಪತಿ ಅವರೇ.

ಇಷ್ಟು ಕೇಳಿ ಮಗಳು ಸುಮ್ಮನಾದಳು. ಅವಳಿಗೆ ಹದಿನೆಂಟು ತುಂಬಿ ಐದು ತಿಂಗಳಾಯಿತು. ಮತದಾರರ ಪಟ್ಟಿಯ ಅರ್ಜಿ ಇನ್ನೂ ಫ್ರಿಜ್ಜಿನ ಮೇಲೇ ಬಿದ್ದಿದೆ. "ಒಂದು ಓಟಿನಿಂದ ಏನಾಗುತ್ತೆ?" ಎನ್ನುವುದು ಅವಳ ವಾದ. 1999ರ ಏಪ್ರಿಲಿನಲ್ಲಿ ನಾರಾಯಣನ್ ಅವರು ವಿಶ್ವಾಸಮತ ಕೇಳಿರೆಂದಾಗ ವಾಜಪೇಯಿ ಸರ್ಕಾರ ಬಿದ್ದದ್ದು ಒಂದೇ ಒಂದು ಮತದಿಂದ ಎಂದೆ. ಉತ್ತರ ಬರಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಿಮಗೂ ನನ್ನ ಮಾತು ಇಷ್ಟೇ. ದೇಶದ ರಾಷ್ಟ್ರಪತಿಯಿರಲಿ, ನಮ್ಮ ಸಂಘದ ಅಧ್ಯಕ್ಷರೇ ಇರಲಿ, ಅರ್ಧದಾರಿಯಲ್ಲಿ ಅಂಕ ಕೊಡುವ ಮುನ್ನ ಅವರ ಕೈಯಲ್ಲಿ ಏನಿತ್ತು, ಅದನ್ನು ಹೇಗೆ ಬಳಸಿದರು ಎಂದು ಕೇಳಿ. ಹಾಗೆಯೇ, ನಿಮ್ಮ ಕೈಯಲ್ಲಿರುವುದನ್ನು ನೀವು ಬಳಸಿದ್ದೀರಾ ಎಂದೂ ಒಮ್ಮೆ ಕೇಳಿಕೊಳ್ಳಿ.